ಹಳೇ ಸ್ವಿಫ್ಟ್‌ಗೆ ಮೂರು ಥರದ ಬುಶ್ ಹಾಕ್ಸಿ ನೋಡಿದೆ: ಲೋಕಲ್, ಪಿಯು, ಒರಿಜಿನಲ್

ನನ್ನ ಗಾಡಿ 2006ರ ಸ್ವಿಫ್ಟ್, 1.3 ಪೆಟ್ರೋಲ್, 1,84,000 ಕಿಲೋಮೀಟರ್ ಆಗೇದ, 2021ರಾಗ ಹದಿನೈದು ವರ್ಷ ತುಂಬಿದಾಗ ಆರ್‌ಟಿಓ ಸುತ್ತಿ ರೀ-ಪಾಸಿಂಗ್ ಮಾಡ್ಸಿ ಗ್ರೀನ್ ಟ್ಯಾಕ್ಸ್ ತುಂಬಿ ಇಟ್ಕೊಂಡೀನಿ. ಮಾರಿ ಬಿಡ್ರಿ ಅಂತ ಎಲ್ಲಾರೂ ಹೇಳ್ತಾರ, ನಾ ಮಾರಂಗಿಲ್ಲ. ಪುಣೆದಾಗ ದಿನಾ ಆಫೀಸಿಗೆ ಓಡ್ತದ, ಎರಡು ತಿಂಗಳಿಗೊಮ್ಮೆ ಧಾರವಾಡಕ್ಕ ಹೋಗಿ ಬರ್ತದ, ಒಂದ್ ಕಡೆ ಸುಮಾರು 420 ಕಿಲೋಮೀಟರ್, ಅದರಾಗ ಸಾತಾರಾ ದಾಟಿದ ಮ್ಯಾಲಿನ ಡೈವರ್ಶನ್‌ಗಳ ಲೆಕ್ಕ ಬ್ಯಾರೆ. ಇಷ್ಟೆಲ್ಲಾ ಯಾಕ ಹೇಳ್ದೆ ಅಂದ್ರ, ಗಾಡಿ ಎಂಥಾ ರೋಡಿನ ಮ್ಯಾಲೆ ಓಡ್ತದ ಅಂತ ನೋಡದ ಬುಶ್ (ಗಾಲಿ ಹಿಡದ ಆರ್ಮ್ ಗಾಡಿಗೆ ಕೂಡೂ ಕಡೆ ಇರೂ ರಬ್ಬರ್ ತುಂಡು) ತಗೊಂಡ್ರ ನನ್ನಂಗ ಮೂರು ಸಲ ದುಡ್ಡು ಬಿಚ್ಚಬೇಕಾಗ್ತದ.

2018ರ ಮಳಿಗಾಲ ಮುಗಿಯೂದ್ರಾಗ ಮುಂದ ಎಡಗಡೆ ಧಡ್ ಧಡ್ ಶುರು ಆತು, ಬ್ರೇಕ್ ಹೊಡದ್ರ ಸ್ಟೇರಿಂಗ್ ತಾನ ಎಡಕ್ಕ ಎಳೀತಿತ್ತು, ಟೈರಿನ ಒಳಗಿನ ಅಂಚು ಬೋಳಾಗಿತ್ತು. ಮನಿ ಹತ್ರದ ಗ್ಯಾರೇಜಿನಾಂವ ಲೋವರ್ ಆರ್ಮ್ (ಗಾಲಿನ ಕೆಳಗಿಂದ ಗಾಡಿಗೆ ಹಿಡದಿಡೂ ಕಬ್ಬಿಣದ ತೋಳು) ಬುಶ್ ಹೋಗ್ಯಾವ ಅಂದ, ಹೌದು, ಹೋಗಿದ್ವು. ಲೋಕಲ್ ರಬ್ಬರ್ ಬುಶ್ ನಾಲ್ಕೂ ಸೇರಿ ಸಾವಿರದ ಒಳಗ ಮುಗೀತು. ಬುಶ್ ಒತ್ತಿ ಕೂರ್ಸೂ ಪ್ರೆಸ್ ಇರ್ಲಿಲ್ಲ ಅವನ ಹತ್ರ, ಹಳೇ ಸಾಕೆಟ್ ಇಟ್ಟು ಸುತ್ತಗಿಲೇ ಹೊಡದು ಕೂರ್ಸಿದ, ನಾನೂ ಚಾ ಕುಡಕೋತ ನಿಂತು ನೋಡಿದೆ. ಏಳು ತಿಂಗಳಿಗೆ ಮತ್ತ ಅದ ಧಡ್ ಧಡ್.

ಆವಾಗ ಸಿಕ್ಕಾಂವ ಈಗಿನ ಮೆಕ್ಯಾನಿಕ್. ಅಕ್ಕಲಕೋಟ ಕಡಿಯಾಂವ, ಮನಿ ಮಾತು ಕನ್ನಡ, ಗಿರಾಕಿ ಜೋಡಿ ಮರಾಠಿ, ಕಟ್ಟಿದ ನಟ್ ಜೋಡಿ ಹಿಂದಿ. ಟಾಮಿ (ಮೀಟೂ ಕಬ್ಬಿಣದ ರಾಡ್) ಹಾಕಿ ಆರ್ಮ್ ಮೀಟಿ ತೋರ್ಸಿದ, ಮುಂದಿನ ಸಣ್ಣ ಬುಶ್ ಹಾಲಹಲ್ಲು ಅಳ್ಳಾಡಿದಂಗ ಅಳ್ಳಾಡ್ತು. ಬಿಚ್ಚಿ ಕೈಯಾಗ ಕೊಟ್ಟ. ರಬ್ಬರ್ ಇನ್ನಾ ಕರ್ರಗ, ಹೊಸದರಂಗ ಇತ್ತು, ಆದ್ರ ಒಳಗಿನ ಕಬ್ಬಿಣದ ಸ್ಲೀವ್‌ನಿಂದ (ಕೊಳವಿಯಿಂದ) ಅರ್ಧ ಸುತ್ತು ಕಿತ್ತು ಬಂದಿತ್ತು, ಎರಡೂ ಕಡಿ ಬುಶ್ ಒಂದ ಥರ ಹರದಿದ್ವು. "ಮಾಲ್ ಕೆಟ್ಟದ್ದಲ್ಲರೀ ಸರ, ಗಾಡಿ ಜ್ಯಾಕ್ ಮ್ಯಾಲಿದ್ದಾಗನ ಬೋಲ್ಟ್ ಟೈಟ್ ಮಾಡ್ಯಾರ" ಅಂದ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನನಗ ಅಲ್ಲೀತನಕ ಯಾರೂ ಹೇಳಿರ್ಲಿಲ್ಲ. ರಬ್ಬರ್ ಬುಶ್ ಬೇರಿಂಗ್‌ನಂಗ ತಿರಗಂಗಿಲ್ಲ, ರಬ್ಬರ್ ಒಳಗಿನ ಸ್ಲೀವ್‌ಗೂ ಹೊರಗಿನ ಸ್ಲೀವ್‌ಗೂ ಅಂಟ್ಕೊಂಡಿರ್ತದ, ಬೋಲ್ಟ್ ಬಿಗಿದ್ರ ಒಳಗಿನ ಸ್ಲೀವ್ ಗಾಡಿಗೆ ಹಿಡದು ನಿಲ್ತದ, ಗಾಲಿ ಮ್ಯಾಲೆ ಕೆಳಗ ಆದಂಗ ರಬ್ಬರ್ ತಿರುಚಿ ಮತ್ತ ಬಿಚ್ಕೋತದ. ಜ್ಯಾಕ್ ಮ್ಯಾಲಿದ್ದಾಗ ಆರ್ಮ್ ಕೆಳಗ ಜೋತಾಡ್ತಿರ್ತದ, ಆವಾಗ ಬಿಗಿದ್ರಿ ಅಂದ್ರ ರಬ್ಬರ್‌ಗೆ ಅದ ತನ್ನ ಜಾಗಾ, ಗಾಡಿ ಇಳಿಸಿದ ಕೂಡ್ಲೆ ತಿರುಚಿ ನಿಲ್ತದ, ನಿಂತಾಗೂ ತಿರುಚೇ ಇರ್ತದ, ಅದರ ಮ್ಯಾಲೆ ಖಡ್ಡೆ ಬಿದ್ರ ಎಲ್ಲೆ ತಡೀಬೇಕ್ರಿ? ಗಾಲಿ ನೆಲಕ್ಕ ಊರಿ, ಗಾಡಿ ಭಾರ ಸಸ್ಪೆನ್ಶನ್ ಮ್ಯಾಲೆ ಬಿದ್ದಾಗನ ಕೊನೇ ಟೈಟ್ ಮಾಡ್ಬೇಕು. ಆ ಲೋಕಲ್ ಬುಶ್‌ಗೆ ನಾ ಬೈದದ್ದು ಅರ್ಧ ಅನ್ಯಾಯ.

ಆದ್ರ ನನ್ನ ತಲ್ಯಾಗ ಅಷ್ಟೊತ್ತಿಗೆ ಪಿಯು ಹೊಕ್ಕಿತ್ತು. ಪಿಯು ಅಂದ್ರ ಪಾಲಿಯುರಿಥೇನ್, ರಬ್ಬರಿಗಿಂತ ಗಟ್ಟಿ ಪ್ಲಾಸ್ಟಿಕ್, ಹರಿಯಂಗಿಲ್ಲ ಅಂತ ಎಲ್ಲಾ ಕಡೆ ಓದಿ ಆನ್‌ಲೈನ್ ತರ್ಸೇ ಬಿಟ್ಟೆ. "ಹಾಕ್ತೀನ್ರಿ, ಆಮ್ಯಾಲೆ ನನಗ ಅನಬ್ಯಾಡ್ರಿ" ಅಂತ ಮೊದಲ ಹೇಳ್ದ ಪುಣ್ಯಾತ್ಮ. ಇದು ಎರಡು ಹೋಳಿನಾಗ ಬರ್ತದ, ಅಂಟಿರಂಗಿಲ್ಲ, ಒಳಗಿನ ಸ್ಲೀವ್ ಮ್ಯಾಲೆ ಜಾರಿ ತಿರಗ್ತದ, ಅದಕ್ಕ ಸಿಲಿಕಾನ್ ಗ್ರೀಸ್ ಬೇಕ ಬೇಕು.

ಮೊದಲ ಮೂರು ತಿಂಗಳು ಖುಷಿ ಆಗಿದ್ದೆ, ಸುಳ್ಳು ಹೇಳಂಗಿಲ್ಲ. ಊರಿಂದ ಬರೂವಾಗ ಸಾತಾರಾ ಆದ ಮ್ಯಾಲಿನ ಖಂಬಾಟಕಿ ಘಾಟಿನ ಬೊಗದಾ (ಸುರಂಗ) ದಾಟಿದ ಮ್ಯಾಲೆ ಆ ಎಸ್ ತಿರುವು ಇತ್ತಲಾ, ಅಲ್ಲೆ ಸ್ಟೇರಿಂಗ್ ಕೂದಲ ಎಳಿ ಅಷ್ಟು ತಿರುವಿದ್ರೂ ಗಾಡಿ ಮೂತಿ ಮಾತು ಕೇಳ್ತಿತ್ತು. ಬ್ರೇಕ್ ಹೊಡದಾಗ ಎಳ್ಯೂದು ಪೂರಾ ಬಂದ್. ಆದ್ರ ಊರಾಗಿನ ಪೇವರ್ ಬ್ಲಾಕ್, ಡ್ರೈನೇಜ್ ಮುಚ್ಚಳ, ಒಂದೊಂದೂ ಅಂಗಾಲಿಗೆ ಗೊತ್ತಾಗ್ತಿತ್ತು. ಮಳಿಗಾಲದ ನೀರಿಗೆ ಗ್ರೀಸ್ ತೊಳದು ಹೋತು, ದೀಪಾವಳಿ ಹೊತ್ತಿಗೆ ಕಿರ್ರ್ ಕಿರ್ರ್. ಸೊಸೈಟಿ ಗೇಟಿನ ಹಂಪ್ ಮ್ಯಾಲೆ ಬಂದ್ರ ವಾಚ್‌ಮನ್ ನೋಡದನ ಗೇಟ್ ತೆಗೀತಿದ್ದ. ನಮ್ಮವ್ವ ಮುಂದಿನ ಸೀಟಿನಾಗ ಕುಂತು ನಿಪ್ಪಾಣಿತನಕ ತಡಕೊಂಡು, "ಚಕ್ಕಡಿಗೆ ಹಾಕ್ತಾರಲಾ ಕೀಲೆಣ್ಣಿ, ಅದನ್ನರ ಹಾಕ್ಸೋ" ಅಂದ್ಳು. ಎರಡು ಸಲ ಬಿಚ್ಚಿ ಗ್ರೀಸ್ ಹಾಕ್ಸಿದೆ, ಎರಡೂ ಸಲ ಮಳಿ ಬಿತ್ತು ಅನ್ನೋದ್ರಾಗ ಮತ್ತ ಅದ. ಬುಶ್‌ಗೆ ಮಾತ್ರ ಏನೂ ಆಗಿರ್ಲಿಲ್ಲ, ಎರಡು ವರ್ಷ ಆದ ಮ್ಯಾಲೆ ತಗದಾಗೂ ಗುಂಡಕಲ್ಲಿನಂಗ ಇದ್ವು. ಬರೇ ಘಾಟ್‌ನಾಗ ಜೋರ ಓಡ್ಸಾವ್ರಿಗೆ ಛಲೋ ಇರಬಹುದು, ಅವ್ವನ್ನ ಕರಕೊಂಡು ಹೋಗಾವ್ರಿಗೆ ಅಲ್ಲ.

2021ರ ಆಗಸ್ಟ್‌ನಾಗ ಪುಣೆದ ನಾನಾ ಪೇಠ ಅನ್ನೋ ಬಿಡಿಭಾಗದ ಮಾರ್ಕೆಟಿಗೆ ಹೋಗಿ ಮಾರುತಿ ಜೆನ್ಯೂನ್ ಲೋವರ್ ಆರ್ಮ್ ಎರಡೂ ಪೂರಾ ತಂದೆ, ಬುಶ್, ಬಾಲ್ ಜಾಯಿಂಟ್ (ಆರ್ಮ್‌ಗೆ ಗಾಲಿ ಕಡೆ ಕೂಡಿಸೂ ಗುಂಡು ಕೀಲು) ಎಲ್ಲಾ ಕೂಡೇ ಬಂದದ್ದು. 5,000ದ ಒಳಗ ಆತು, ಮಜೂರಿ 1,200, ಅಲೈನ್‌ಮೆಂಟ್ ಬ್ಯಾರೆ. ಬರೇ ಬುಶ್ ತಗೊಂಡಿದ್ರ ಸೋವಿ ಆಗ್ತಿತ್ತು, ಆದ್ರ ಹಳೇ ಆರ್ಮ್‌ನ ಬುಶ್ ಕೂಡೂ ತೂತು ಸುತ್ತಗಿ ಏಟಿಗೆ ಅಂಡಾಕಾರ ಆಗಿತ್ತು, ಬಾಲ್ ಜಾಯಿಂಟಿನ ಬೂಟೂ ಹರದಿತ್ತು, ಲೇತ್ ಅಂಗಡಿಗೆ ಎರಡು ಸಲ ಓಡಾಡೋ ಬದ್ಲಿ ಇದ ಛಲೋ ಅನಿಸ್ತು. ಕೊನೇ ಬೋಲ್ಟ್ ಬಿಗಿಯೂ ಹೊತ್ತಿಗೆ ನಾನ ಹೇಳಿ ಗಾಡಿ ರ್‍ಯಾಂಪ್ ಮ್ಯಾಲೆ ಗಾಲಿ ಊರಿ ನಿಲ್ಸಿಸ್ದೆ, ಅಕ್ಕಲಕೋಟದಾಂವ ನಕ್ಕ.

ನಾಲ್ಕು ವರ್ಷ ಆತು, 38,000 ಕಿಲೋಮೀಟರ್. ಪಿಯು ಇದ್ದಾಗಿನ ಆ ಚುರುಕು ಇಲ್ಲ, ಖಂಬಾಟಕಿಯೊಳಗ ಒಂದೊಂದ್ಸಲ ನೆನಪಾಗ್ತದ. ಉಳದದ್ದಕ್ಕೆಲ್ಲಾ ಏನೂ ತಕರಾರಿಲ್ಲ, ಟೈರ್ ಸಮ ಸವದಾವ.

ಹೋದ ವರ್ಷ ಮತ್ತ ಖಟಖಟ ಬಂತು, ನಾ ಹೆದರಿದ್ದೆ, ನೋಡಿದ್ರ ಸ್ಟ್ರಟ್ ಮೌಂಟ್, ಅಂದ್ರ ಶಾಕ್ ಅಬ್ಸಾರ್ಬರಿನ ಮ್ಯಾಲಿನ ತುದಿ ಗಾಡಿಗೆ ಕೂಡಿಸೂ ಜಾಗಾ. ಅದಕ್ಕ ಆವಾಜ್ ಬಂದ ಕೂಡ್ಲೆ ಬುಶ್ ಆರ್ಡರ್ ಮಾಡಬ್ಯಾಡ್ರಿ, ಟಾಮಿ ಹಾಕಿ ಮೀಟಿ ತೋರ್ಸು ಅನ್ರಿ. ಹಂಗ, ರಬ್ಬರ್ ಬುಶ್ ಕಿರಗುಟ್ಟತದ ಅಂತ ಕೆಲವರು ಸಾದಾ ಗ್ರೀಸ್ ಬಡೀತಾರ, ಅದರಾಗಿನ ಪೆಟ್ರೋಲಿಯಂ ಎಣ್ಣಿಗೆ ರಬ್ಬರ್ ಉಬ್ಬಿ ಮೆತ್ತಗಾಗ್ತದ, ಬ್ಯಾಡ ಅನ್ರಿ. ಹಿಂದಿನ ಆಕ್ಸಲ್ ಬುಶ್ ಇನ್ನಾ ಕಂಪನಿಯವ, ಮುಟ್ಟಿಲ್ಲ. ಮೊನ್ನೆ ಆಯಿಲ್ ಬದಲಿ ಮಾಡೂವಾಗ ಕೆಳಗ ಟಾರ್ಚ್ ಬಿಟ್ಟು ನೋಡಿದೆ, ಎಡಗಡಿ ಆರ್ಮ್‌ನ ಹಿಂದಿನ ದೊಡ್ಡ ಬುಶ್‌ನಾಗ ಉಗುರಿನಷ್ಟು ಬಿರುಕು ಬಂದದ. ಇನ್ನೊಂದು ಮಳಿಗಾಲ ಹೋಗ್ತದ ಅಂದ ನಮ್ಮಾಂವ.