ಕೊನೆಗೂ ನನ್ನ ರಿಪೋರ್ಟ್ ಕೇಳಿದ ಕ್ಲಿನಿಕ್

ಮದುವೆಯಾಗಿ 4 ವರ್ಷ, ಇನ್ನೂ ಮಕ್ಕಳಾಗಿಲ್ಲ. ಹಿಂದಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಲ್ಲಾ ನನ್ನ ಹೆಂಡತಿಗೇ ಮಾಡಿಸಿದರು. ನಾನು ಹೊರಗೆ ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದೆ.

ದಾವಣಗೆರೆಯ ಈ ಸಣ್ಣ ಕ್ಲಿನಿಕ್‌ನಲ್ಲಿ ಡಾಕ್ಟರಮ್ಮ ಫೈಲ್ ತಿರುವಿ ಹಾಕಿ, "ಇವರದ್ದೆಲ್ಲ ಇದೆ, ನಿಮ್ಮದೆಲ್ಲಿ?" ಎಂದರು. ನಾಚಿಕೆ ಆಯಿತು, ನಿಜ. ವೀರ್ಯ ಪರೀಕ್ಷೆಗೆ ಮೊದಲು ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ಸಂಪರ್ಕ ಬೇಡ ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಒಂದು ಎಂಎಲ್‌ಗೆ 60 ಲಕ್ಷ ವೀರ್ಯಾಣು ಬಂತು. 1.6 ಕೋಟಿಗಿಂತ ಕಡಿಮೆ ಇದ್ದರೆ ಕಡಿಮೆ ಎಂದೇ ಲೆಕ್ಕವಂತೆ.

ನನಗೆ ಇಷ್ಟವಾಗಿದ್ದು ಅವರು ಹೆದರಿಸದೇ ಇದ್ದದ್ದು. "ಒಂದೇ ರಿಪೋರ್ಟ್ ನಂಬಬೇಡಿ. ಹೊಸ ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು. ಗುಟ್ಕಾ ಬಿಡಿ, 3 ತಿಂಗಳು ಬಿಟ್ಟು ಬನ್ನಿ" ಎಂದರು. ಬೀಜದ ಚೀಲದಲ್ಲಿ ರಕ್ತನಾಳ ಊದಿದ್ದೂ ಪರೀಕ್ಷೆಯಲ್ಲಿ ಸಿಕ್ಕಿತು. ಅದಕ್ಕೆ ವೆರಿಕೋಸಿಲ್ ಅಂತಾರೆ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಪ್ಯಾಕೇಜ್ ಮಾತೇ ಎತ್ತಲಿಲ್ಲ.

ಒಂದೇ ಬೇಜಾರು. ಸ್ಯಾಂಪಲ್ ಕೊಡೋ ರೂಮು ರಿಸೆಪ್ಷನ್ ಪಕ್ಕದಲ್ಲೇ ಇದೆ, ಚಿಲಕವೂ ಸಡಿಲ. ಹೊರಗೆ ಟೋಕನ್ ಕೂಗುತ್ತಿದ್ದರೆ ಯಾರಿಗೆ ತಾನೇ ಆಗುತ್ತೆ? ಅದಕ್ಕೇ ಒಂದು ಸ್ಟಾರ್ ಕಡಿಮೆ.

ಮುಂದಿನ ತಿಂಗಳು ಎರಡನೇ ರಿಪೋರ್ಟ್. ಅಮ್ಮ ಈಗಲೂ ಸೊಸೆಗೇ ಹರಕೆ ಹೇಳುತ್ತಿದ್ದಾರೆ. ಮೊನ್ನೆ ನನ್ನ ಚೀಟಿ ತೋರಿಸಿದೆ.