ರ‍್ಯಾಂಚ್ ದಾರಿಯಲ್ಲಿ ಜಿಯೋಕ್ಯಾಶಿಂಗ್: ಮೊಬೈಲಾ, ಕೈ ಜಿಪಿಎಸ್ಸಾ?

ಜಿಯೋಕ್ಯಾಶಿಂಗ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ. ಎರಡು ಎಎ ಸೆಲ್ ಹಾಕಿ ಗುಂಡಿ ಒತ್ತಿ ನಡೆಸುವ ಕೈ ಜಿಪಿಎಸ್ ಒಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಮೇಲೆ, ಬೆಟ್ಟದ ದಾರಿಯಲ್ಲಿ ಡಬ್ಬಿ ಹುಡುಕಲು ನಾನು ಮೊಬೈಲ್ ತೆಗೆಯುವುದೇ ಇಲ್ಲ. ಊರೊಳಗಿನ ಪಾರ್ಕಿಗೆ ಮೊಬೈಲೇ ಸಾಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಅನುಭವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವಕ್ಕೆ, ಮೌಂಟ್ ಹ್ಯಾಮಿಲ್ಟನ್‌ಗೆ ಹೋಗುವ ರಸ್ತೆಯಲ್ಲಿರುವ ಜೋಸೆಫ್ ಡಿ. ಗ್ರಾಂಟ್ ಕೌಂಟಿ ಪಾರ್ಕಿನಂಥ ಜಾಗದ್ದು. ಮೆಕ್ಸಿಕೋ ಆಳ್ವಿಕೆಯಲ್ಲಿ ಜಹಗೀರಾಗಿ ಕೊಟ್ಟಿದ್ದ ನೆಲ ಆಮೇಲೆ ಗ್ರಾಂಟ್ ಮನೆತನದ ದನ ಸಾಕುವ ಜಮೀನು, ಅಂದರೆ ರ‍್ಯಾಂಚ್ ಆಯಿತು. 1975ರಲ್ಲಿ ಕೌಂಟಿ ಅದನ್ನು ಕೊಂಡಿತು. ಈಗಲೂ ಅಲ್ಲಿ ದನ ಮೇಯುತ್ತವೆ. ಹಾಗಾಗಿ ಮುಳ್ಳುತಂತಿ, ಕಬ್ಬಿಣದ ಬೇಲಿಗೂಟ, ಪೈಪಿನ ಗೇಟು, ದನಕ್ಕೆ ನೀರಿಡುವ ತೊಟ್ಟಿ ಎಲ್ಲವೂ ಇವೆ. ಇಂಥ ಕಡೆ ಡಬ್ಬಿ ಇಡುವವರ ಕಣ್ಣು ಬೀಳುವುದೂ ಅವುಗಳ ಮೇಲೆಯೇ.

ನನ್ನ ಭಾಮೈದನದು ಮೊಬೈಲ್. ಅದರಲ್ಲಿ ಸಿ:ಜಿಯೋ ಆ್ಯಪ್ ಇದೆ. ಆ್ಯಂಡ್ರಾಯ್ಡ್‌ಗೆ ಪುಕ್ಕಟೆಯಾಗಿ ಸಿಗುವ, ಬಹಳ ಶ್ರದ್ಧೆಯಿಂದ ಕಟ್ಟಿದ ಆ್ಯಪ್ ಅದು. ಸುಳಿವು, ಹಿಂದೆ ಹುಡುಕಿದವರ ಬರಹ, ಫೋಟೋ ಎಲ್ಲ ಅದರಲ್ಲಿ ಸಲೀಸಾಗಿ ಓದಬಹುದು. ನನ್ನ ಯಂತ್ರದ ಪುಟ್ಟ ಪರದೆಯಲ್ಲಿ ಓದುವುದು ಕಣ್ಣಿಗೆ ಶಿಕ್ಷೆ. ಈ ವಿಷಯದಲ್ಲಿ ಮೊಬೈಲೇ ಮೇಲು.

ಗುಡ್ಡದ ಸಂದಿಗೆ ಇಳಿದರೆ ನೆಟ್‌ವರ್ಕ್ ಹೋಗುತ್ತದೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಗೆ ಬೇಕು. ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಹೊರಟರೆ ತೊಂದರೆಯಿಲ್ಲ.

ನಿಜವಾದ ತಕರಾರು ದಿಕ್ಕಿನದು. ಬಯಲಿನಲ್ಲಿ ಯಾವ ಜಿಪಿಎಸ್ ಆದರೂ ಸುಮಾರು ಐದು ಮೀಟರ್ ಹತ್ತಿರಕ್ಕೆ ತಂದು ಬಿಡುತ್ತದೆ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಅದಾದ ಮರುದಿನವೇ ಆರೆಗನ್‌ನಲ್ಲಿ ಡೇವ್ ಅಲ್ಮರ್ ಮೊದಲ ಡಬ್ಬಿ ಹೂತಿಟ್ಟರು, ಆಟ ಶುರುವಾಗಿದ್ದು ಹಾಗೆ. ಇಷ್ಟು ವರ್ಷವಾದರೂ ಆ ಕೊನೆಯ ಕೆಲವು ಮೀಟರು ನಮ್ಮ ಪಾಲಿಗೇ ಉಳಿದಿವೆ. ಅಲ್ಲಿ ದಿಕ್ಕು ತಪ್ಪಿದರೆ ಪಾಯ್ಸನ್ ಓಕ್ ಪೊದೆಗೆ ನುಗ್ಗಿದಂತೆಯೇ. ಮೂರೆಲೆಯ ಆ ಗಿಡ ಸೋಕಿತೆಂದರೆ ದಿನಗಟ್ಟಲೆ ತುರಿಕೆ.

ಮೊಬೈಲ್ ಪರದೆಯಲ್ಲಿ ಡಬ್ಬಿಯ ದಿಕ್ಕು ತೋರಿಸುವ ಬಾಣ ತಿರುಗುವುದು ಒಳಗಿನ ಕಾಂತೀಯ ದಿಕ್ಸೂಚಿಯಿಂದ. ಕಬ್ಬಿಣದ ಗೇಟಿನ ಹತ್ತಿರ ಹೋದಿರೋ, ಅದರ ಲೆಕ್ಕ ತಪ್ಪುತ್ತದೆ. ಗೇಟಿಗೆ ಅಂಟಿಸಿರುವುದು ಆಯಸ್ಕಾಂತದ ಡಬ್ಬಿಯಾಗಿದ್ದರೆ ಇನ್ನೂ ಕಷ್ಟ. ಭಾಮೈದನ ಮೊಬೈಲ್ ಕವರಿನಲ್ಲೂ ಒಂದು ಆಯಸ್ಕಾಂತವಿತ್ತು. ಒಂದು ಹಳೇ ಗೇಟಿನ ಬಳಿ ಅವನ ಬಾಣ ಒಮ್ಮೆ ತೊಟ್ಟಿಯ ಕಡೆ, ಒಮ್ಮೆ ಪೊದೆಯ ಕಡೆ ತೋರಿಸುತ್ತ ಹೋಯಿತು. ಅವನು ಕವರ್ ಕಳಚಿದ, ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿ ಸರಿಪಡಿಸಲು ನೋಡಿದ. ಆದರೆ ಕಬ್ಬಿಣದ ಪಕ್ಕದಲ್ಲೇ ನಿಂತು ಸರಿಪಡಿಸಹೊರಟರೆ ದಿಕ್ಸೂಚಿ ಆ ಕಬ್ಬಿಣದ ಸೆಳೆತವನ್ನೇ ಸರಿಯೆಂದು ಹಿಡಿದುಕೊಳ್ಳುತ್ತದೆ. ಸರಿಮಾಡಬೇಕೆಂದರೆ ದೂರ ಹೋಗಬೇಕು. ವಾಪಸ್ ಬಂದರೆ ಮತ್ತೆ ಅದೇ ಕಥೆ.

ನನ್ನ ಯಂತ್ರದಲ್ಲಿ ಕಾಂತೀಯ ದಿಕ್ಸೂಚಿಯೇ ಇಲ್ಲ. ಅಗ್ಗದ ಮಾದರಿ, ಅದನ್ನು ಕೊಟ್ಟಿಲ್ಲ. ನಾವು ನಡೆಯುವ ಜಾಡನ್ನು ನೋಡಿಯೇ ಅದು ದಿಕ್ಕು ಲೆಕ್ಕ ಹಾಕುತ್ತದೆ. ನಿಂತರೆ ಬಾಣವೂ ನಿಲ್ಲುತ್ತದೆ. “ಭಾವ, ನಿಮ್ಮ ಬಾಣ ಸತ್ತೇ ಹೋಯ್ತಲ್ಲ!” ಎಂದು ಅವನು ಅಂದದ್ದೂ ಅದಕ್ಕೇ. “ನಡೀತಾ ಇರ‍್ಬೇಕು ಕಣೋ” ಎಂದೆ. ಬಹಳ ಜನ ಇಂಥ ಯಂತ್ರವನ್ನು ದೂರುವುದು ಇದೊಂದೇ ಕಾರಣಕ್ಕೆ. ನನಗೆ ಅದು ಇಷ್ಟವಾಗಿರುವುದೂ ಇದೇ ಕಾರಣಕ್ಕೆ. ಉಪಗ್ರಹದಿಂದ ಬರುವ ಜಾಡಿಗೂ ಗೇಟಿನ ಕಬ್ಬಿಣಕ್ಕೂ ಸಂಬಂಧವೇ ಇಲ್ಲ.

ನಾನು ಮಾಡುವುದಿಷ್ಟು: ಗೇಟಿನಿಂದ ಮೂವತ್ತು ಹೆಜ್ಜೆ ಹಿಂದೆ ಹೋಗಿ, ಬಾಣ ತೋರಿಸಿದತ್ತ ನೇರ ನಡೆದು ಬರುತ್ತೇನೆ, ಆ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ಆಮೇಲೆ ಬೇಲಿಗುಂಟ ಪಕ್ಕಕ್ಕೆ ಸರಿದು, ಇನ್ನೊಂದು ಕಡೆಯಿಂದ ಮತ್ತೊಮ್ಮೆ ಹಾಗೆಯೇ. ಎರಡು ಗೆರೆ ಕೂಡುವಲ್ಲಿ ನೋಡಿದರೆ ಆಯಿತು. ಅಂದು ಅವು ಕೂಡಿದ್ದು ತೊಟ್ಟಿಯ ಹತ್ತಿರವೂ ಅಲ್ಲ, ಪೊದೆಯಲ್ಲೂ ಅಲ್ಲ, ಮೂಲೆಯ ಬೇಲಿಗೂಟದ ಬುಡದಲ್ಲಿ. ಅಲ್ಲಿಗೂ ಮೊದಲು ಕೋಲು ಹಾಕಿ ಕೆದಕಿ ನೋಡಿದೆವು. ಬೇಸಿಗೆಯಲ್ಲಿ ರ‍್ಯಾಟಲ್ ಹಾವು ನೆರಳು ಹುಡುಕಿಕೊಂಡು ಇಂಥ ಜಾಗಕ್ಕೇ ಬರುತ್ತದೆ, ಬರಿಗೈ ಹಾಕಲೇಬಾರದು.

ಬಿಸಿಲು: ಕೈ ಜಿಪಿಎಸ್ಸಿನ ಪರದೆ ಬಿಸಿಲಿದ್ದಷ್ಟೂ ನಿಚ್ಚಳ. ಮೊಬೈಲ್ ಕಾದು ಮಂಕಾಗುತ್ತದೆ.

ಬ್ಯಾಟರಿಗೆ ಜೇಬಿನಲ್ಲಿ ಎರಡು ಸೆಲ್ ಇದ್ದರೆ ಮುಗಿಯಿತು. ದಾರಿ ತಪ್ಪಿದಾಗ ಕರೆ ಮಾಡಲು ಮೊಬೈಲಿನ ಚಾರ್ಜ್ ಉಳಿದಿರುತ್ತದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ನನಗೆ ಅದು ದೊಡ್ಡ ಸಮಾಧಾನ.

ಕೈ ಜಿಪಿಎಸ್ಸಿಗೆ ಹಿಂದಿನ ರಾತ್ರಿ ಕಂಪ್ಯೂಟರಿಗೆ ವೈರ್ ಹಚ್ಚಿ ಡಬ್ಬಿಗಳ ವಿವರ ತುಂಬಬೇಕು. ಜಿಯೋಕ್ಯಾಶಿಂಗ್ ಡಾಟ್ ಕಾಮ್ ಜಾಲತಾಣಕ್ಕೆ ಹಣ ಕಟ್ಟಿದ ಸದಸ್ಯರಿಗೆ ಒಂದೇ ಫೈಲಿನಲ್ಲಿ 1,000 ಡಬ್ಬಿಗಳವರೆಗೆ ಸಿಗುತ್ತವೆ. ಶುಕ್ರವಾರ ರಾತ್ರಿ ಊಟವಾದ ಮೇಲೆ ಕೂತು ದಾರಿ ಆರಿಸುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ, ಆದ್ದರಿಂದ ಹೊರೆಯೆನಿಸಿಲ್ಲ. ಕಾರಿನಿಂದ ಇಳಿದ ಮೇಲೆ ‘ಇಲ್ಲಿ ಏನಿದೆ’ ಎಂದು ನೋಡುವವರಿಗೆ ಇದು ಒಗ್ಗುವುದಿಲ್ಲ, ಅಂಥವರು ಮೊಬೈಲನ್ನೇ ಇಟ್ಟುಕೊಳ್ಳಲಿ, ಕವರ್ ಮಾತ್ರ ಆಯಸ್ಕಾಂತವಿಲ್ಲದ್ದು ಕೊಳ್ಳಲಿ.

ರ‍್ಯಾಂಚ್ ನೆಲದಲ್ಲೇ ಹೆಚ್ಚು ಓಡಾಡುವವರು, ಕೈ ಬಿಗಿ ಹಿಡಿದು ಖರ್ಚು ಮಾಡುವವರು ನನ್ನಂತೆ ಹಳೆಯದೇ ಕೊಳ್ಳಿ. ದುಬಾರಿ ಮಾದರಿಯನ್ನೇ ಕೊಳ್ಳುವುದಾದರೆ, ಅದರೊಳಗಿನ ಕಾಂತೀಯ ದಿಕ್ಸೂಚಿಯನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಲು ಬರುತ್ತದೆಯೇ ಎಂದು ಹಣ ಕೊಡುವ ಮುಂಚೆ ಕೇಳಿಕೊಳ್ಳಿ.