ಅಮೆರಿಕದ ‘ಅನ್‌ಲಾಕ್ಡ್’ ಫೋನ್ ಕೊಳ್ಳುವವರು ಬಿಲ್ಲಿನ ಹಿಂಬದಿಯನ್ನು ಮೊದಲು ಓದಿ

ಬೆಂಗಳೂರಿನ ಗಾಂಧಿನಗರದ ಕಡೆ ಹೊರದೇಶದ ಫೋನುಗಳನ್ನು ಮಾರುವ ಅಂಗಡಿಯಲ್ಲಿ ಯಾರಾದರೂ ‘ಅನ್‌ಲಾಕ್ಡ್ ಪೀಸ್, ಇಂಟರ್‌ನ್ಯಾಷನಲ್ ವಾರಂಟಿ’ ಎಂದು ಹೇಳಿ ನಿಮ್ಮ ಕೈಗೆ ಫೋನ್ ಇಟ್ಟರೆ, ದಯವಿಟ್ಟು ಅದನ್ನು ಅಲ್ಲೇ ಕೆಳಗಿಟ್ಟು ಹೊರಗೆ ಬನ್ನಿ. ನಾನು ಹಾಗೆ ಬರಲಿಲ್ಲ. 49,500 ರೂಪಾಯಿ ಕೊಟ್ಟು ಬಂದೆ, ಆಮೇಲೆ ಐದು ತಿಂಗಳಿಗೆ ಕೆಟ್ಟ ಆ ಫೋನನ್ನು ಹಿಡಿದುಕೊಂಡು ಕಂಡವರ ಬಾಗಿಲು ತಟ್ಟಿದೆ. ಕಂಪನಿಯವರು ಅಂಗಡಿಯ ಕಡೆ ಕೈ ತೋರಿಸಿದರು, ಅಂಗಡಿಯವನು ಕಂಪನಿಯ ಕಡೆ ಕೈ ತೋರಿಸಿದ, ಕೊನೆಗೆ ಇಬ್ಬರೂ ಸೇರಿ ಅಮೆರಿಕದ ಕಡೆ ಕೈ ತೋರಿಸಿದರು.

ಮಗಳು ಹಾಸನದಲ್ಲಿ ಇಂಜಿನಿಯರಿಂಗ್ ಸೇರಿದ ಸಮಯವದು. ಒಳ್ಳೆಯ ಫೋನ್ ಒಂದನ್ನು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅವಳು ಕೇಳಿದ ಮಾಡೆಲ್ ಶಿವಮೊಗ್ಗದ ಅಂಗಡಿಗಳಲ್ಲಿ 68,000 ರೂಪಾಯಿ ಇತ್ತು. ಪರಿಚಯದವರೊಬ್ಬರು ಈ ಅಂಗಡಿಯ ಹೆಸರು ಹೇಳಿದರು, ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಹಾಗೆಯೇ ಹೊಕ್ಕೆ. ಬೆಲೆ ಹದಿನೆಂಟು ಸಾವಿರಕ್ಕೂ ಹೆಚ್ಚು ಕಡಿಮೆ ಇದ್ದುದರಿಂದ ನನಗೆ ಅನುಮಾನ ಬಂದದ್ದು ನಿಜ, ಆ ಅನುಮಾನವನ್ನು ಬಾಯಿಬಿಟ್ಟು ಕೇಳಿಯೂ ಕೇಳಿದೆ. ಆತ ಸ್ವಲ್ಪವೂ ತಡವರಿಸದೆ ಉತ್ತರಿಸಿದ: “ಸರ್, ಇದು ಅಮೆರಿಕದ ಅನ್‌ಲಾಕ್ಡ್ ಪೀಸ್. ಅಲ್ಲಿ ರೇಟೇ ಕಡಿಮೆ. ಯಾವ ಸಿಮ್ ಬೇಕಾದ್ರೂ ಹಾಕಿ, ಯಾವ ಊರಿನ ಸರ್ವಿಸ್ ಸೆಂಟರ್‌ಗೆ ಬೇಕಾದ್ರೂ ಹೋಗಿ, ಒಂದು ವರ್ಷ ಕಂಪನಿ ವಾರಂಟಿ.” ನಾನು ಮತ್ತೆ ಕೇಳಿದೆ, ಶಿವಮೊಗ್ಗದಲ್ಲೂ ಮಾಡಿಕೊಡುತ್ತಾರಾ ಎಂದು. “ಶಿವಮೊಗ್ಗ ಏನು ಸರ್, ದುಬೈನಲ್ಲೂ ಮಾಡ್ತಾರೆ” ಎಂದ.

ಆಮೇಲೆ ಆತ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಾನು ಬಿದ್ದದ್ದು ಅಲ್ಲಿಯೇ. ತನ್ನ ಕಂಪ್ಯೂಟರಿನಲ್ಲಿ ಕಂಪನಿಯ ಸ್ವಂತ ಜಾಲತಾಣವನ್ನೇ ತೆರೆದು, ಡಬ್ಬಿಯ ಮೇಲಿದ್ದ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ನನ್ನಿಂದಲೇ ಓದಿಸಿ ಒತ್ತಿದ. ಪರದೆಯನ್ನು ನನ್ನ ಕಡೆಗೆ ತಿರುಗಿಸಿದಾಗ ಹಸಿರು ಅಕ್ಷರಗಳಲ್ಲಿ ವಾರಂಟಿ ಚಾಲ್ತಿಯಲ್ಲಿದೆ ಎಂದು ಕಾಣುತ್ತಿತ್ತು, ಪಕ್ಕದಲ್ಲಿ ಮುಂದಿನ ವರ್ಷದ ಒಂದು ದಿನಾಂಕವೂ ಇತ್ತು. ಕಂಪನಿಯೇ ಇದೆ ಎಂದ ಮೇಲೆ ಇಲ್ಲ ಎನ್ನಲು ನಾನು ಯಾರು? ಆ ಪುಟವನ್ನು ಇನ್ನೆರಡು ಬೆರಳಿನಷ್ಟು ಕೆಳಗೆ ಸರಿಸಿದ್ದರೆ ‘ಖರೀದಿಸಿದ ದೇಶ: ಅಮೆರಿಕ’ ಎಂಬ ಸಾಲು ಕಾಣುತ್ತಿತ್ತು. ಆತ ಸರಿಸಲಿಲ್ಲ, ಸರಿಸಿ ಎಂದು ನಾನೂ ಹೇಳಲಿಲ್ಲ. ಆ ಸಾಲನ್ನು ನಾನು ಕಂಡದ್ದು ಫೋನ್ ಕೆಟ್ಟ ಮೇಲೆ, ಮನೆಯಲ್ಲಿ, ರಾತ್ರಿ ಹನ್ನೊಂದು ಗಂಟೆಗೆ.

ಹಣ ಕೊಡುವಾಗಲೂ ಎಚ್ಚೆತ್ತುಕೊಳ್ಳಬಹುದಿತ್ತು. ಕಾರ್ಡ್ ಆದರೆ ಎರಡು ಪರ್ಸೆಂಟ್ ಜಾಸ್ತಿ, ನಗದೇ ಕೊಡಿ ಎಂದ. 10,000 ರೂಪಾಯಿಯನ್ನು ಯುಪಿಐ ಮೂಲಕ ಕಳುಹಿಸಿ ಉಳಿದದ್ದನ್ನು ಎಟಿಎಂನಿಂದ ತೆಗೆದು ನೋಟಿನಲ್ಲೇ ಎಣಿಸಿ ಕೊಟ್ಟೆ. ಆ ಹತ್ತು ಸಾವಿರವೂ ಅಂಗಡಿಯ ಖಾತೆಗೆ ಹೋಗಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿನ ಖಾತೆಗೆ ಹೋಗಿದೆ. ಕೊಟ್ಟ ಬಿಲ್ಲಿನಲ್ಲಿ ಮಾಡೆಲ್ ಹೆಸರು ಮತ್ತು ಮೊತ್ತ ಬಿಟ್ಟರೆ ಏನೂ ಇರಲಿಲ್ಲ. ಜಿಎಸ್‌ಟಿ ಸಂಖ್ಯೆ ಇರಲಿಲ್ಲ, ಐಎಂಇಐ ಬರೆದಿರಲಿಲ್ಲ, ಮೇಲ್ಗಡೆ ‘ಎಸ್ಟಿಮೇಟ್’ ಎಂದು ಅಚ್ಚಾಗಿತ್ತು. ನಾನು ಸಹಕಾರಿ ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸಾಲದ ಪತ್ರಕ್ಕೆ ಸಹಿ ಹಾಕಲು ಬಂದ ರೈತರಿಗೆ ಪ್ರತಿದಿನ ‘ಓದಿ, ಇಲ್ಲವೇ ಓದಿಸಿ, ಆಮೇಲೆ ಸಹಿ ಹಾಕಿ’ ಎಂದು ಹೇಳುವವನು ನಾನು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಐದನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಮಗಳು ಕರೆ ಮಾಡಿ, “ಅಪ್ಪಾ, ಸ್ಕ್ರೀನ್ ಮೇಲೆ ಹಸಿರು ಗೆರೆ ಬಂದಿದೆ, ನಾನು ಬೀಳಿಸಿಲ್ಲ, ಆಣೆ ಮಾಡ್ತೀನಿ” ಎಂದು ಅಳುವ ದನಿಯಲ್ಲಿ ಹೇಳಿದಳು. ಫೋನಿನ ಮೇಲೆ ಒಂದು ಗೀರು ಸಹ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ದಾರ ಎಳೆದಂತೆ ಒಂದು ಹಸಿರು ಗೆರೆ, ವಾರ ಕಳೆಯುವುದರೊಳಗೆ ಅದರ ಪಕ್ಕದಲ್ಲಿ ಇನ್ನೊಂದು. ವಾರಂಟಿ ಇದೆಯಲ್ಲ ಎಂದು ನಾನು ನೆಮ್ಮದಿಯಿಂದಲೇ ಇದ್ದೆ, ಅವಳಿಗೂ ಧೈರ್ಯ ಹೇಳಿದೆ.

ಶಿವಮೊಗ್ಗದ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಟೋಕನ್ ಪಡೆದು ಒಂದು ಗಂಟೆ ಕಾದೆ. ಕೌಂಟರಿನ ಹುಡುಗ ಐಎಂಇಐ ಒತ್ತಿದ, ಮತ್ತೆ ಒತ್ತಿದ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, “ಸರ್, ಇದು ಇಂಡಿಯಾ ಯುನಿಟ್ ಅಲ್ಲ. ನಮ್ಮ ಸಿಸ್ಟಮ್ ತಗೋತಾ ಇಲ್ಲ” ಎಂದ. ಜಾಲತಾಣದಲ್ಲಿ ವಾರಂಟಿ ಇದೆಯಲ್ಲಪ್ಪ ಎಂದು ತೋರಿಸಿದೆ. “ಇದೆ ಸರ್, ಆದರೆ ಅಮೆರಿಕದಲ್ಲಿ ಇದೆ” ಎಂದ. ಹೋಗಲಿ, ಹಣ ಕೊಡುತ್ತೇನೆ, ಡಿಸ್‌ಪ್ಲೇ ಬದಲಿಸಿಕೊಡು ಎಂದೆ. “ದುಡ್ಡು ಕೊಟ್ಟರೂ ಆಗಲ್ಲ ಸರ್, ಈ ಮಾಡೆಲ್ ನಂಬರಿನ ಪಾರ್ಟ್ ನಮಗೆ ಬರೋದೇ ಇಲ್ಲ.” ಹಾಗಾದರೆ ಅದನ್ನೇ ಬರೆದು ಕೊಡಿ ಎಂದಾಗ, ಜಾಬ್ ಶೀಟ್ ತೆಗೆಯಬೇಕಾದರೆ ಐಎಂಇಐ ಸಿಸ್ಟಮ್‌ಗೆ ಹೋಗಬೇಕು, ಅದು ಹೋಗುತ್ತಿಲ್ಲವಾದ್ದರಿಂದ ಏನನ್ನೂ ಬರೆದುಕೊಡಲು ಬರುವುದಿಲ್ಲ ಎಂಬ ಉತ್ತರ ಬಂತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ವಿನಯದಿಂದಲೇ ಮಾತಾಡಿದ. ಆದರೆ ಅದೇ ಹೆಸರು, ಅದೇ ಚಿಹ್ನೆ, ಗೋಡೆಯ ಮೇಲೆ ಅದೇ ಫೋನಿನ ಚಿತ್ರ ಇರುವ ಜಾಗದಲ್ಲಿ ನಿಂತು ‘ಇದು ನಮ್ಮದಲ್ಲ’ ಎಂದು ಕೇಳಿಸಿಕೊಳ್ಳುವುದು ಬಹಳ ಕಷ್ಟ.

ಕಂಪನಿಯ ಗ್ರಾಹಕ ಸೇವೆಗೆ ಮೂರು ಇಮೇಲ್ ಕಳುಹಿಸಿದೆ. ಮೂರಕ್ಕೂ ಒಂದೇ ಉತ್ತರ ಬಂತು, ಕೆಳಗಿನ ಹೆಸರು ಮಾತ್ರ ಬೇರೆ: ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ಖರೀದಿಸಿದ ದೇಶದ ಸೇವಾ ಕೇಂದ್ರವನ್ನು ಸಂಪರ್ಕಿಸಿ. ನಾನು ಖರೀದಿಸಿದ್ದು ಬೆಂಗಳೂರಿನಲ್ಲಿ ಎಂದು ಎರಡನೆಯ ಇಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಅದಕ್ಕೂ ಅದೇ ಉತ್ತರ.

ನ್ಯೂಜೆರ್ಸಿಯಲ್ಲಿ ನನ್ನ ಹೆಂಡತಿಯ ಅಣ್ಣನ ಮಗನಿದ್ದಾನೆ. ಅವನು ಅಲ್ಲಿನ ಸೇವಾ ವಿಭಾಗಕ್ಕೆ ಕರೆ ಮಾಡಿ ವಿಚಾರಿಸಿದ ಮೇಲೆ ವಿಷಯ ಪೂರ್ತಿ ತಿಳಿಯಿತು. ಅಲ್ಲಿನ ದೂರವಾಣಿ ಕಂಪನಿಗಳು ಕಂತಿನ ಮೇಲೆ ಫೋನ್ ಕೊಡುವಾಗ ಅದು ತಮ್ಮ ಸಿಮ್‌ನಲ್ಲಿ ಮಾತ್ರ ಕೆಲಸ ಮಾಡುವಂತೆ ಲಾಕ್ ಮಾಡಿರುತ್ತವೆ, ಬಾಕಿ ತೀರಿಸಿ ಅವರ ನಿಯಮಗಳಂತೆ ನಡೆದುಕೊಂಡರೆ ಬಿಡಿಸಿಕೊಡುತ್ತವೆ. ನಮ್ಮಲ್ಲಿ ಅಂಗಡಿಯಲ್ಲಿ ಕೊಳ್ಳುವ ಫೋನಿಗೆ ಸಾಮಾನ್ಯವಾಗಿ ಇಂಥ ಲಾಕ್ ಇರುವುದಿಲ್ಲವಾದ್ದರಿಂದ ‘ಅನ್‌ಲಾಕ್ಡ್’ ಎಂಬ ಮಾತು ನನ್ನಂಥವರ ಕಿವಿಗೆ ಏನೋ ಹೆಚ್ಚಿನ ಸೌಲಭ್ಯದಂತೆ ಕೇಳಿಸುತ್ತದೆ. ಅದು ಸಿಮ್‌ಗೆ ಸಂಬಂಧಿಸಿದ ಮಾತು, ಅಷ್ಟೇ. ವಾರಂಟಿಗೂ ಅದಕ್ಕೂ ಯಾವ ನಂಟೂ ಇಲ್ಲ. ನನ್ನ ಫೋನ್ ಮೊದಲು ಅಲ್ಲಿನ ದೂರವಾಣಿ ಕಂಪನಿಯೊಂದರ ಮೂಲಕ ಮಾರಾಟವಾದದ್ದಂತೆ. “ಮಾವ, ಇಲ್ಲಿ ಮೊದಲು ತಗೊಂಡವರ ಬಿಲ್ ಕೇಳ್ತಾ ಇದ್ದಾರೆ. ನಿಮ್ಮ ಅಂಗಡಿಯ ಬಿಲ್ ಇಲ್ಲಿ ನಡೆಯಲ್ಲ” ಎಂದ. ಫೋನನ್ನು ಅವನಿಗೆ ಕಳುಹಿಸಿದರೂ ಪ್ರಯೋಜನವಿರಲಿಲ್ಲ. ಅಲ್ಲಿ ಬಿಲ್ ಇಲ್ಲ, ಇಲ್ಲಿ ವಾರಂಟಿ ಇಲ್ಲ.

ಅಂಗಡಿಯವನು ಅಷ್ಟರಲ್ಲಿ ನನ್ನ ಕರೆ ಎತ್ತುವುದನ್ನು ನಿಲ್ಲಿಸಿದ್ದ. ಒಂದು ದಿನ ರಜೆ ಹಾಕಿ ಬೆಳಗಿನ ರೈಲಿಗೆ ಹೊರಟು ನೇರವಾಗಿ ಅಂಗಡಿಗೆ ಹೋದೆ. ಗುರುತೇ ಇಲ್ಲದವನಂತೆ ಬಿಲ್ ಕೇಳಿದ, ಕೊಟ್ಟೆ. ಅದನ್ನು ಗಾಜಿನ ಕೌಂಟರಿನ ಮೇಲೆ ಬೋರಲು ಹಾಕಿ, ಹಿಂಬದಿಯಲ್ಲಿ ರಬ್ಬರ್ ಸ್ಟ್ಯಾಂಪಿನಿಂದ ಒತ್ತಿದ್ದ ಮಸುಕು ನೇರಳೆ ಅಕ್ಷರಗಳ ಕೆಳಗೆ ಉಗುರಿನಿಂದ ಗೆರೆ ಎಳೆಯುತ್ತಾ ಓದಿದ: “ಚೆಕಿಂಗ್ ವಾರಂಟಿ ಓನ್ಲಿ ಸೆವೆನ್ ಡೇಸ್. ನೋಡಿ ಸರ್, ಬರೆದೇ ಇದೆಯಲ್ಲ.” ಇಂಗ್ಲಿಷಿನಲ್ಲಿದ್ದ ಆ ಐದು ಪದಗಳು ಐದು ತಿಂಗಳು ನನ್ನ ಮನೆಯ ಬೀರುವಿನಲ್ಲಿಯೇ ಇದ್ದವು. ನಾನು ಬಿಲ್ಲನ್ನು ತಿರುಗಿಸಿಯೇ ನೋಡಿರಲಿಲ್ಲ.

ಒಂದು ವರ್ಷ ಕಂಪನಿ ವಾರಂಟಿ ಎಂದು ನೀವೇ ಹೇಳಿದಿರಲ್ಲ ಎಂದು ಕೇಳಿದೆ. “ಕಂಪನಿ ವಾರಂಟಿ ಅಂದ್ರೆ ಕಂಪನಿಯನ್ನ ಕೇಳಬೇಕು ಸರ್, ನಮ್ಮನ್ನಲ್ಲ.” ಅನ್‌ಲಾಕ್ಡ್, ಎಲ್ಲಿ ಬೇಕಾದರೂ ಹೋಗಿ ಎಂದಿರಲ್ಲ? “ಅನ್‌ಲಾಕ್ಡ್ ಅಂದಿದ್ದು ಸಿಮ್‌ಗೆ. ಸಿಮ್ ವರ್ಕ್ ಆಗ್ತಾ ಇಲ್ವಾ? ಆಗ್ತಾ ಇದೆ ತಾನೇ?” ನನಗೆ ಕೈ ನಡುಗಿತು. ಸಿಮ್ ಕೆಲಸ ಮಾಡುತ್ತಿತ್ತು, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ, ಕಾಲೇಜು ಹುಡುಗ, ಡಬ್ಬಿಯೊಂದನ್ನು ಬಿಚ್ಚಿಸುತ್ತಿದ್ದ. ಅವನಿಗೆ ಕೇಳಿಸಬಾರದೆಂದು ಅಂಗಡಿಯವನು ದನಿ ತಗ್ಗಿಸಿ, “ಬೇಜಾರು ಮಾಡ್ಕೋಬೇಡಿ ಸರ್, ನಮ್ಮ ಹುಡುಗನ ಹತ್ರ ಕಾಪಿ ಡಿಸ್‌ಪ್ಲೇ ಹಾಕಿಸಿಕೊಡ್ತೀನಿ, ನಿಮಗೆ ಅಂತ 9,500” ಎಂದ. ತನ್ನ ಸುಳ್ಳಿಗೆ ನನ್ನಿಂದಲೇ ಇನ್ನೊಮ್ಮೆ ಹಣ ಕೇಳುವಷ್ಟು ಧೈರ್ಯ ಅವನಿಗಿತ್ತು. ಆ ಕಾಲೇಜು ಹುಡುಗನಿಗೆ ನಾನು ಜೋರಾಗಿಯೇ ಹೇಳಿ ಬಂದೆ. ಅವನು ಕೊಂಡನೋ ಬಿಟ್ಟನೋ ತಿಳಿಯದು.

ಕೊಳ್ಳುವ ಮನಸ್ಸು ಮಾಡಿದವರು ಡಬ್ಬಿಯನ್ನಾದರೂ ಸರಿಯಾಗಿ ನೋಡಿ. ಅಧಿಕೃತವಾಗಿ ಆಮದಾಗಿ ನಮ್ಮಲ್ಲಿ ಮಾರಾಟಕ್ಕೆ ಬಂದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ರೂಪಾಯಿಯಲ್ಲಿ ಮತ್ತು ಗ್ರಾಹಕರು ದೂರು ಕೊಡಬೇಕಾದ ಸಂಪರ್ಕ ವಿವರ ಇರಲೇಬೇಕು. ನನ್ನ ಡಬ್ಬಿಯನ್ನು ಈಗ ತಿರುವಿ ನೋಡಿದರೆ ರೂಪಾಯಿಯ ಗುರುತೇ ಎಲ್ಲೂ ಇಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯೂ ಐಎಂಇಐ ಸಂಖ್ಯೆಯೂ ಇಲ್ಲದಿದ್ದರೆ ಹಣ ಕೊಡಬೇಡಿ, ಎಷ್ಟೇ ಕಡಿಮೆಗೆ ಕೊಟ್ಟರೂ ಕೊಡಬೇಡಿ. ಕೆವೈಎಂ ಎಂದು ಟೈಪಿಸಿ, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿ ಪರೀಕ್ಷಿಸಬಹುದು ಎಂದು ಹಲವರು ಹೇಳುತ್ತಾರೆ. ನಾನೂ ಕಳುಹಿಸಿದೆ, ಕಂಪನಿ, ಮಾಡೆಲ್ ಎಲ್ಲ ಸರಿಯಾಗಿಯೇ ಬಂತು. ಫೋನ್ ಅಸಲಿಯೇ, ಅದರಲ್ಲಿ ಸುಳ್ಳಿಲ್ಲ. ಅಸಲಿ ಎನ್ನುವುದು ಬೇರೆ, ಇಲ್ಲಿ ವಾರಂಟಿ ಇದೆ ಎನ್ನುವುದು ಬೇರೆ, ಆ ಎಸ್‌ಎಂಎಸ್ ಎರಡನೆಯದನ್ನು ಹೇಳುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಅಂಗಡಿಯವನು ಅವರಿಗೂ ಉತ್ತರಿಸಲಿಲ್ಲ. ಈಗ ವಕೀಲ ಸ್ನೇಹಿತರ ಸಲಹೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷಗಳ ಒಳಗೆ ಕೊಡಬೇಕು. ಬಿಲ್ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳುತ್ತದೆ. ಆದರೆ ವಕೀಲರು ನನ್ನ ಕಾಗದಗಳನ್ನು ನೋಡಿ ಮೊದಲು ಕೇಳಿದ್ದು ಒಂದೇ: ಈ ಎಸ್ಟಿಮೇಟಿನಲ್ಲಿರುವ ಫೋನ್ ಇದೇ ಎಂದು ಹೇಗೆ ತೋರಿಸುತ್ತೀರಿ? ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಏನೂ ಇಲ್ಲ, ನಗದು ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ಕಂಪನಿಯ ಆ ಮೂರು ಇಮೇಲ್‌ಗಳು ಮತ್ತು ಯಾರದೋ ಹೆಸರಿಗೆ ಹೋದ 10,000 ರೂಪಾಯಿಯ ಯುಪಿಐ ದಾಖಲೆ, ಇಷ್ಟೇ ನನ್ನ ಬಳಿ ಇರುವುದು. ಆದ್ದರಿಂದ ಸರ್ವಿಸ್ ಸೆಂಟರಿನವರು ಆಗುವುದಿಲ್ಲ ಎಂದರೆ ಅಲ್ಲಿಂದಲೇ ಕಂಪನಿಗೆ ಇಮೇಲ್ ಮಾಡಿ, ಉತ್ತರ ಬರುವವರೆಗೆ ಬಿಡಬೇಡಿ.

ಕಳೆದ ವಾರ ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಮಗನಿಗೆ ಫೋನ್ ಕೊಡಿಸಬೇಕು, ಬೆಂಗಳೂರಿನಲ್ಲಿ ಒಂದು ಕಡೆ ಬಹಳ ಕಡಿಮೆಗೆ ಸಿಗುತ್ತದಂತೆ ಎಂದು ಹೇಳುತ್ತಾ ಒಂದು ವಿಸಿಟಿಂಗ್ ಕಾರ್ಡ್ ತೆಗೆದು ತೋರಿಸಿದರು. ಅದೇ ಅಂಗಡಿಯದು. ಇಷ್ಟು ದಿನ ನಾಚಿಕೆಯಿಂದ ಆಫೀಸಿನಲ್ಲಿ ಯಾರಿಗೂ ಹೇಳಿರದಿದ್ದ ನಾನು ಚೀಲದಿಂದ ಬಿಲ್ಲನ್ನು ತೆಗೆದು, ಬೋರಲು ಹಾಕಿ ಅವರ ಮುಂದಿಟ್ಟೆ.